ಕಮ್ಯುನಿಟಿ ಕಾಲೇಜಿನಲ್ಲಿ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್: ಮಗಳನ್ನು ಸೇರಿಸಬಹುದಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವು ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಇದ್ದೇವೆ. ಮೂಲ ತೀರ್ಥಹಳ್ಳಿ ಕಡೆ. ಮಗಳು ಈಗ ಹನ್ನೆರಡನೇ ಗ್ರೇಡ್. ಅವಳಿಗೆ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ (ಹೋಟೆಲ್ ನಡೆಸುವ ವಿದ್ಯೆ) ಓದಬೇಕಂತೆ. ಅದೂ ನೇರವಾಗಿ ಯೂನಿವರ್ಸಿಟಿಗೆ ಸೇರಿ ಅಲ್ಲ. ಮೊದಲ ಎರಡು ವರ್ಷ ಇಲ್ಲೇ ವೆಲೆನ್ಸಿಯಾ ಅನ್ನೋ ಕಮ್ಯುನಿಟಿ ಕಾಲೇಜು, ಆಮೇಲೆ ಯುಸಿಎಫ್‌ನ, ಅಂದರೆ ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾದ, ರೋಸೆನ್ ಕಾಲೇಜು. ಎಲ್ಲ ಅವಳೇ ಯೋಚನೆ ಮಾಡಿಟ್ಟಿದ್ದಾಳೆ.

ಮನೆಯಲ್ಲಿ ಈಗ ಬೇರೆ ಮಾತೇ ಇಲ್ಲ. ನಮ್ಮ ಯಜಮಾನರಿಗೆ ಕಮ್ಯುನಿಟಿ ಕಾಲೇಜು ಅಂದರೆ ಎಲ್ಲೂ ಸೀಟು ಸಿಗದವರು ಹೋಗುವ ಜಾಗ. ಊರಿಂದ ಅತ್ತೆ ಫೋನ್ ಮಾಡಿ "ಅಮೆರಿಕಕ್ಕೆ ಹೋಗಿ ಲೋಟ ತೊಳೆಯೋದು ಕಲೀಬೇಕಾ?" ಅಂತ ಕೇಳಿದರು. ಮಗಳು ಓದಿನಲ್ಲಿ ಹಿಂದೆ ಏನಿಲ್ಲ. ನಮ್ಮೆಲ್ಲರಿಗೂ ಗ್ರೀನ್ ಕಾರ್ಡ್ ಇದೆ, ವೀಸಾ ಚಿಂತೆ ಇಲ್ಲ.

ಅಲ್ಲಿ ಓದಿದ ಎರಡು ವರ್ಷ ಮುಂದೆ ಪೂರ್ತಿ ಲೆಕ್ಕಕ್ಕೆ ಬರುತ್ತದಾ? ಕೆಲಸ ಕೊಡುವವರು ಅದನ್ನು ಕಡಿಮೆ ಅಂತ ನೋಡುತ್ತಾರಾ? ಈ ಲೈನ್‌ನಲ್ಲಿ ಇರುವವರು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಕುಂದಾಪ್ರದವ
ಲೋಟ ತೊಳೆಯುವ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ ಅಕ್ಕ. ನಮ್ಮ ಕಡೆಯ ಎಷ್ಟೋ ಹುಡುಗರು ಮುಂಬೈಗೆ ಹೋಗಿ, ಹಗಲು ಹೋಟೆಲ್‌ನಲ್ಲಿ ಕ್ಲೀನರ್, ಸಪ್ಲೈಯರ್ ಆಗಿ ದುಡಿದು, ರಾತ್ರಿ ಕನ್ನಡ ನೈಟ್ ಹೈಸ್ಕೂಲ್‌ನಲ್ಲಿ ಓದಿದವರು. ನನ್ನ ದೊಡ್ಡಪ್ಪ ಹಾಗೇ ಮೆಟ್ರಿಕ್ ಮುಗಿಸಿದರು. ಆಮೇಲೆ ಗಲ್ಲಾದಲ್ಲಿ ಕೂತರು, ಆಮೇಲೆ ಪಾಲುದಾರರಾದರು. ದುಡಿಯುತ್ತಾ ಓದುವುದರಲ್ಲಿ ನಾಚಿಕೆ ಎಂತದು ಮಾರಾಯ್ರೆ? ಮಗಳನ್ನು ಧೈರ್ಯವಾಗಿ ಸೇರಿಸಿ.

ಗೋದಿಹುಗ್ಗಿ
ಅವರು ಬೇರೆ ದಾರಿ ಇಲ್ಲದೆ ಹೋದವರು ರೀ. ಈ ಹುಡುಗಿಗೆ ಹತ್ತು ದಾರಿ ಇವೆ. 2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಡಿಸ್ನಿ ವರ್ಲ್ಡ್ ಮುಚ್ಚಿದ್ದು ಮತ್ತೆ ತೆಗೆದದ್ದು ಜುಲೈನಲ್ಲಿ. ಆರ್ಲ್ಯಾಂಡೊದಲ್ಲಿ ಹೋಟೆಲ್ ನಂಬಿದ್ದ ಎಷ್ಟು ಮನೆಗಳು ಬಾಡಿಗೆ ಕಟ್ಟೋಕೆ ಆಗದೆ ಒದ್ದಾಡಿದವು! ನನ್ನ ತಮ್ಮ ಆಗ ಅಲ್ಲೇ ಒಂದು ರೆಸಾರ್ಟ್‌ನಲ್ಲಿ ಇದ್ದ. ಫರ್ಲೋ, ಅಂದರೆ ಸಂಬಳವಿಲ್ಲದ ರಜೆ, ಅಂತ ಕಳಿಸಿದರು, ವಾಪಸ್ ಕರೆಯಲೇ ಇಲ್ಲ. ಈಗ ಇನ್ಶೂರೆನ್ಸ್ ಕಂಪನಿಯಲ್ಲಿ ಇದ್ದಾನೆ, ನೆಮ್ಮದಿಯಾಗಿದ್ದಾನೆ. ಹಬ್ಬಕ್ಕೆ ರಜೆ ಸಿಗುತ್ತದೆ, ಭಾನುವಾರ ಮನೆಯಲ್ಲಿ ಇರುತ್ತಾನೆ. ಇದನ್ನೂ ಯೋಚನೆ ಮಾಡಿ.

ನೈಟ್_ಆಡಿಟ್
ನಾನು ಬೇರೆ ರಾಜ್ಯದ ಕಮ್ಯುನಿಟಿ ಕಾಲೇಜಿನಲ್ಲಿ ಇದೇ ಓದಿ, ಫ್ರಂಟ್ ಡೆಸ್ಕ್‌ನಲ್ಲಿ ರಾತ್ರಿ ಪಾಳಿ ಮಾಡಿ, ಈಗ ರೆವೆನ್ಯೂ ಮ್ಯಾನೇಜರ್ ಆಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು, ಡಿಗ್ರಿ ಹೆಸರು ನೋಡಿ. ಅಸೋಸಿಯೇಟ್ ಡಿಗ್ರಿ, ಅಂದರೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿ, ಎಲ್ಲ ಒಂದೇ ಅಲ್ಲ. ಎ.ಎ. ಅನ್ನುವುದು ಮುಂದೆ ಯೂನಿವರ್ಸಿಟಿಗೆ ಹೋಗುವವರಿಗೆ ಅಂತಲೇ ಇರುವುದು. ಇಂಗ್ಲಿಷ್, ಗಣಿತ, ಅಂಕಿ ಅಂಶ, ಅರ್ಥಶಾಸ್ತ್ರ, ಹೀಗೆ ಸಾಮಾನ್ಯ ವಿಷಯಗಳು ಜಾಸ್ತಿ. ಎ.ಎಸ್. ಮತ್ತು ಎ.ಎ.ಎಸ್.ನಲ್ಲಿ ಕೆಲಸದ ವಿಷಯ ಜಾಸ್ತಿ: ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಅಡುಗೆಮನೆ ಖರ್ಚಿನ ಲೆಕ್ಕ, ಹೋಟೆಲ್ ಕಾನೂನು. ಬೇಗ ಕೆಲಸಕ್ಕೆ ಹೋಗಲು ಇದು ಒಳ್ಳೆಯದು, ಆದರೆ ಕ್ರೆಡಿಟ್, ಅಂದರೆ ಪಾಸಾದ ಕೋರ್ಸ್‌ಗಳಿಗೆ ಸಿಗುವ ಯೂನಿಟ್, ಎಲ್ಲ ಯೂನಿವರ್ಸಿಟಿಗೆ ಹೋಗುತ್ತದೆ ಅಂತ ಇಲ್ಲ. ಮಕ್ಕಳು ಎಡವುವುದು ಇಲ್ಲೇ. ಸೇರುವ ಮುಂಚೆಯೇ ಎರಡೂ ಕಾಲೇಜಿನ ಅಡ್ವೈಸರ್ ಹತ್ತಿರ ಕೂತು, ಯಾವ ಕೋರ್ಸ್ ಯಾವುದಕ್ಕೆ ಸಮ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿ ಮಾತು ಬೇಡ.

ಎರಡನೆಯದು, ನಿಮ್ಮ ಊರು. ಬೇರೆ ಕಡೆ ಇದ್ದಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ವೆಲೆನ್ಸಿಯಾದಿಂದ ಯುಸಿಎಫ್‌ಗೆ ಡೈರೆಕ್ಟ್ ಕನೆಕ್ಟ್ ಅನ್ನೋ ಒಪ್ಪಂದ ಇದೆ, ಅಸೋಸಿಯೇಟ್ ಡಿಗ್ರಿ ಮುಗಿಸಿದರೆ ಯುಸಿಎಫ್‌ನಲ್ಲಿ ಪ್ರವೇಶ ಖಾತ್ರಿ. ವೆಲೆನ್ಸಿಯಾ ಅಂದರೆ 2011ರಲ್ಲಿ ಮೊಟ್ಟಮೊದಲ ಆಸ್ಪೆನ್ ಪ್ರಶಸ್ತಿ ಪಡೆದ ಕಾಲೇಜು. ಇಡೀ ದೇಶದ ಕಮ್ಯುನಿಟಿ ಕಾಲೇಜುಗಳಲ್ಲಿ ಆರಿಸಿ ಕೊಡುವ ಪ್ರಶಸ್ತಿ ಅದು. 2019ರಲ್ಲಿ ಡೌನ್‌ಟೌನ್ ಕ್ಯಾಂಪಸ್ ಶುರುವಾದಾಗ ಅಡುಗೆ ಮತ್ತು ಹಾಸ್ಪಿಟಾಲಿಟಿಗೆ ಅಂತಲೇ ದೊಡ್ಡ ಸೆಂಟರ್ ಕಟ್ಟಿದರು. ಇನ್ನು ರೋಸೆನ್ ಕಾಲೇಜಿಗೆ ಜಾಗ, ದುಡ್ಡು ಕೊಟ್ಟ ಹ್ಯಾರಿಸ್ ರೋಸೆನ್ ಸ್ವತಃ ಹೋಟೆಲ್ ಮಾಲೀಕರು. 2024ರಲ್ಲಿ ತೀರಿಕೊಂಡರು. ಆ ಕ್ಯಾಂಪಸ್ ಇರುವುದೇ ಹೋಟೆಲ್‌ಗಳ ನಡುವೆ. ಬೆಳಿಗ್ಗೆ ಕ್ಲಾಸು, ಸಂಜೆ ಕೆಲಸ, ಎರಡೂ ಒಂದೇ ರಸ್ತೆಯಲ್ಲಿ.

ಮೂರನೆಯದು, ಕೆಲಸ ಕೊಡುವವರ ವಿಷಯ. ನಾನು ಈಗ ಇಂಟರ್‌ವ್ಯೂ ಮಾಡುವ ಕಡೆ ಕೂತಿದ್ದೇನೆ. ಡಿಗ್ರಿ ಯಾವ ಕಾಲೇಜಿನದು ಅನ್ನೋದಕ್ಕಿಂತ ಡೆಸ್ಕ್ ಮೇಲೆ ಎಷ್ಟು ದಿನ ನಿಂತಿದ್ದಾರೆ ಅನ್ನೋದನ್ನು ನೋಡುತ್ತೇವೆ. ಹೋಟೆಲ್ ಬುಕಿಂಗ್ ನೋಡಿಕೊಳ್ಳುವ ಒಪೆರಾ ಸಾಫ್ಟ್‌ವೇರ್ ಗೊತ್ತಾ? ಓವರ್‌ಬುಕ್ ಆದ ದಿನ ಗೆಸ್ಟನ್ನು ಪಕ್ಕದ ಹೋಟೆಲ್‌ಗೆ ಕಳಿಸಿದ ಅನುಭವ ಇದೆಯಾ? ಕೊನೇ ಡಿಗ್ರಿ ಹೇಗೂ ಯುಸಿಎಫ್‌ದೇ ಇರುತ್ತದೆ.

ಲೆಕ್ಕದ_ಪುಸ್ತಕ
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಫ್ಲಾರಿಡಾದವರಿಗೆ ವೆಲೆನ್ಸಿಯಾದಲ್ಲಿ ಒಂದು ಕ್ರೆಡಿಟ್‌ಗೆ ಸುಮಾರು 103 ಡಾಲರ್, ಯುಸಿಎಫ್‌ನಲ್ಲಿ ಸುಮಾರು 212 ಡಾಲರ್. 60 ಕ್ರೆಡಿಟ್ ಅಲ್ಲಿ, 60 ಇಲ್ಲಿ ಅಂದರೆ ಒಟ್ಟು 18,900 ಹತ್ತಿರ ಬರುತ್ತದೆ. ನಾಲ್ಕೂ ವರ್ಷ ಯುಸಿಎಫ್‌ನಲ್ಲೇ ಆದರೆ 25,500 ಹತ್ತಿರ. ಉಳಿಯುವುದು ಸುಮಾರು 6,500 ಡಾಲರ್. ಪುಸ್ತಕ, ಪೆಟ್ರೋಲ್ ಬೇರೆ. ಜನ ಹೇಳುವಷ್ಟು ಭಾರಿ ಉಳಿತಾಯ ಫ್ಲಾರಿಡಾದಲ್ಲಿ ಇಲ್ಲ, ಇಲ್ಲಿ ಸರ್ಕಾರಿ ಯೂನಿವರ್ಸಿಟಿಯೇ ಅಗ್ಗ.

ಫ್ಲಾರಿಡಾ ಸರ್ಕಾರದ ಬ್ರೈಟ್ ಫ್ಯೂಚರ್ಸ್ ಸ್ಕಾಲರ್‌ಶಿಪ್ ನೋಡಿದ್ದೀರಾ? ಮೆಡಾಲಿಯನ್ ಮಟ್ಟದ್ದು ಸಿಕ್ಕರೆ ಯೂನಿವರ್ಸಿಟಿಯಲ್ಲಿ ಟ್ಯೂಷನ್‌ನ 75%, ವೆಲೆನ್ಸಿಯಾದಂಥ ಸ್ಟೇಟ್ ಕಾಲೇಜಿನ ಅಸೋಸಿಯೇಟ್ ಡಿಗ್ರಿಗೆ 100% ಕೊಡುತ್ತಾರೆ. ಗ್ರೀನ್ ಕಾರ್ಡ್ ಇದ್ದವರಿಗೂ ಅನ್ವಯ. ಅದಕ್ಕೆ ಬೇಕಾದ ಸೇವಾ ಗಂಟೆಗಳ ಬದಲು 100 ಗಂಟೆ ಸಂಬಳದ ಕೆಲಸ ಮಾಡಿದರೂ ನಡೆಯುತ್ತದೆ. ಅಂದರೆ ಮಗಳು ಈಗಲೇ ವಾರಾಂತ್ಯದಲ್ಲಿ ಹೋಟೆಲ್ ಡೆಸ್ಕ್‌ನಲ್ಲಿ ನಿಂತರೆ ಸ್ಕಾಲರ್‌ಶಿಪ್‌ಗೂ ಆಯಿತು, ಈ ಕೆಲಸ ನಿಜಕ್ಕೂ ಇಷ್ಟವಾ ಅಂತ ಗೊತ್ತಾಗಲಿಕ್ಕೂ ಆಯಿತು.

ಇನ್ನೊಂದು. ಹೈಸ್ಕೂಲಿನಲ್ಲಿ ಇರುವಾಗಲೇ ಡುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಕಾಲೇಜಿನ ಕೋರ್ಸ್ ತೆಗೆದುಕೊಂಡರೆ ಪಬ್ಲಿಕ್ ಸ್ಕೂಲ್ ಮಕ್ಕಳಿಗೆ ಆ ಕೋರ್ಸ್‌ಗಳಿಗೆ ಟ್ಯೂಷನ್ ಇಲ್ಲ. ಒಂದು ಸೆಮಿಸ್ಟರ್ ಉಳಿದಿದ್ದರೂ ವಿಚಾರಿಸಿ.

ತುಂಗಾತೀರ
ಕೆಲಸ ಮಾಡಿದ ಗಂಟೆಗಳು ಲೆಕ್ಕಕ್ಕೆ ಬರುವುದು ಗೊತ್ತೇ ಇರಲಿಲ್ಲ! ನಾಳೆಯೇ ಸ್ಕೂಲ್ ಕೌನ್ಸೆಲರ್‌ಗೆ ಮೇಲ್ ಹಾಕುತ್ತೇನೆ.

@ನೈಟ್_ಆಡಿಟ್ ಅವರೇ, ರೆವೆನ್ಯೂ ಮ್ಯಾನೇಜರ್ ಅಂದರೆ ಏನು ಕೆಲಸ? ನಮ್ಮವರಿಗೆ ಹೋಟೆಲ್ ಅಂದರೆ ಅಡುಗೆ ಮತ್ತು ರಿಸೆಪ್ಷನ್ ಅಷ್ಟೇ ಅಂದುಕೊಂಡಿದ್ದಾರೆ. ಸ್ವಲ್ಪ ಬಿಡಿಸಿ ಹೇಳಿದರೆ ಅವರಿಗೂ ಓದಿಸುತ್ತೇನೆ.

ನೈಟ್_ಆಡಿಟ್
ಖಂಡಿತ. 100 ರೂಮಿನ ಹೋಟೆಲ್ ಅಂದುಕೊಳ್ಳಿ. ಒಂದು ರಾತ್ರಿ 80 ರೂಮು ಸರಾಸರಿ 150 ಡಾಲರ್‌ಗೆ ಹೋಯಿತು. ಒಟ್ಟು 12,000. ಇದ್ದ 100 ರೂಮಿಗೂ ಹಂಚಿದರೆ ರೂಮಿಗೆ 120. ಇದನ್ನೇ ರೆವ್‌ಪಾರ್ ಅನ್ನುತ್ತೇವೆ. ಈಗ ಮಾಲೀಕರು "ರೂಮು ಖಾಲಿ ಬಿದ್ದಿದೆ, ರೇಟು ಇಳಿಸಿ" ಅಂತಾರೆ. 125ಕ್ಕೆ ಇಳಿಸಿದೆವು, 95 ರೂಮು ತುಂಬಿತು. ಒಟ್ಟು 11,875. ಹೋಟೆಲ್ ತುಂಬಿದ ಹಾಗೆ ಕಾಣುತ್ತದೆ, ಆದರೆ ಬಂದ ದುಡ್ಡು ಕಡಿಮೆ. ಜೊತೆಗೆ 15 ರೂಮು ಜಾಸ್ತಿ ಕ್ಲೀನ್ ಮಾಡಬೇಕು, 15 ರೂಮಿನ ಬಟ್ಟೆ ಒಗೆಯಬೇಕು, ತಿಂಡಿ ಕೊಡಬೇಕು. ಯಾವ ದಿನ ಯಾವ ರೇಟು, ಎಷ್ಟು ರೂಮು ಗುಂಪುಗಳಿಗೆ, ಎಷ್ಟು ಆನ್‌ಲೈನ್ ಏಜೆನ್ಸಿಗಳಿಗೆ, ಕನ್ವೆನ್ಷನ್ ಬರುವ ವಾರ ಎಷ್ಟು ಏರಿಸಬೇಕು, ಇದೇ ನನ್ನ ಕೆಲಸ. ಪೂರ್ತಿ ಲೆಕ್ಕ. ನಿಮ್ಮ ಯಜಮಾನರು ಐಟಿಯವರಾದರೆ ಇಷ್ಟವಾಗುತ್ತದೆ.

ಬೇಏರಿಯಾ_ಭಾವ
ಕ್ಯಾಲಿಫೋರ್ನಿಯಾದ ಕಡೆಯಿಂದ ಎರಡು ಮಾತು. ಇಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಯಾರೂ ಮೂಗು ಮುರಿಯುವುದಿಲ್ಲ. ಯೂನಿಟ್‌ಗೆ 46 ಡಾಲರ್. ಸಾಫ್ಟ್‌ವೇರ್ ಮನೆಗಳ ಮಕ್ಕಳೇ ಎರಡು ವರ್ಷ ಅಲ್ಲಿ ಓದಿ ಬರ್ಕ್ಲಿಗೆ ಹೋಗುತ್ತಾರೆ. ಸ್ಯಾನ್‌ಫ್ರಾನ್ಸಿಸ್ಕೋ ಸಿಟಿ ಕಾಲೇಜಿನಲ್ಲಿ ಹೋಟೆಲ್ ಕೋರ್ಸ್ ಶುರುವಾಗಿದ್ದು 1936ರಲ್ಲಿ. ಹೊಸ ಫ್ಯಾಶನ್ ಏನಲ್ಲ ಇದು.

ಗೋದಿಹುಗ್ಗಿ
@ನೈಟ್_ಆಡಿಟ್ ನಿಮ್ಮ ಮಟ್ಟಕ್ಕೆ ಎಷ್ಟು ಜನ ಮುಟ್ಟುತ್ತಾರೆ? ಒಂದು ಹೋಟೆಲ್‌ಗೆ ಒಬ್ಬ ರೆವೆನ್ಯೂ ಮ್ಯಾನೇಜರ್, ಕೆಲವು ಕಡೆ ನಾಲ್ಕೈದು ಹೋಟೆಲ್‌ಗೆ ಒಬ್ಬರೇ. ಉಳಿದವರು ಗಂಟೆ ಸಂಬಳದಲ್ಲೇ ಇರುತ್ತಾರೆ. ಫ್ಲಾರಿಡಾದಲ್ಲಿ ಕನಿಷ್ಠ ಕೂಲಿ 2025ರ ಸೆಪ್ಟೆಂಬರ್ 30ರಿಂದ 14 ಡಾಲರ್. ಟಿಪ್ಸ್ ಸಿಗುವ ಕೆಲಸವಾದರೆ ಕೈಗೆ ಕೊಡುವುದು ಅದಕ್ಕಿಂತ 3 ಡಾಲರ್ ಚಿಲ್ಲರೆ ಕಡಿಮೆ. ಆರ್ಲ್ಯಾಂಡೊ ಬಾಡಿಗೆ ನಿಮಗೇ ಗೊತ್ತು. ಕನಸು ಮಾತ್ರ ತೋರಿಸಬೇಡಿ, ಪೇ ಸ್ಲಿಪ್ ಕೂಡ ತೋರಿಸಿ.

ನೈಟ್_ಆಡಿಟ್
ಮಾತು ನ್ಯಾಯವಾಗಿದೆ. ಶುರುವಿನ ವರ್ಷಗಳು ಕಷ್ಟವೇ. ಅದಕ್ಕೇ ಎರಡು ವರ್ಷಕ್ಕೆ ನಿಲ್ಲಿಸಬೇಡಿ, ಬ್ಯಾಚುಲರ್ಸ್ ಮುಗಿಸಲಿ ಅನ್ನುವುದು. ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್, ಸ್ಪ್ಯಾನಿಷ್ ಈ ಮೂರು ಗಟ್ಟಿ ಮಾಡಿಕೊಂಡವರು ಡೆಸ್ಕ್‌ನಿಂದ ಬೇಗ ಮೇಲೆ ಬರುತ್ತಾರೆ. ಡೆಸ್ಕ್ ಬೇಜಾರಾದರೂ ಆ ಮೂರನ್ನು ಇಟ್ಟುಕೊಂಡು ಬೇರೆ ಕಡೆ ಹೋಗಬಹುದು.

ರಾಜಾಜಿನಗರ_ಹುಡುಗ
ಅಣ್ಣ, ಅಕ್ಕ, ನಾನು ಬೆಂಗಳೂರಿಂದ. ಸೆಕೆಂಡ್ ಪಿಯು ಕಾಮರ್ಸ್ ಮುಗಿದಿದೆ. ಒಬ್ಬ ಏಜೆಂಟ್ ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಹಾಸ್ಪಿಟಾಲಿಟಿ ಮಾಡು, ಮೊದಲ ವರ್ಷದಿಂದಲೇ ಹೋಟೆಲ್‌ನಲ್ಲಿ ಕೆಲಸ ಮಾಡಿ ಫೀಸು ದುಡಿಯಬಹುದು, ಆಮೇಲೆ ಕೆಲಸ ಗ್ಯಾರಂಟಿ ಅಂತ ಹೇಳುತ್ತಿದ್ದಾನೆ. ಅಪ್ಪ ಸೈಟ್ ಅಡ ಇಟ್ಟು ಸಾಲ ಮಾಡುತ್ತೇನೆ ಅಂತಿದ್ದಾರೆ. ನಿಜಾನಾ?

ಲೆಕ್ಕದ_ಪುಸ್ತಕ
ತಮ್ಮಾ, ಸೈಟಿನ ಪತ್ರ ಬೀರುವಿನಲ್ಲೇ ಇರಲಿ. ನಿಧಾನವಾಗಿ ಓದು.

ಸ್ಟೂಡೆಂಟ್ ವೀಸಾದಲ್ಲಿ, ಅಂದರೆ ಎಫ್-1ನಲ್ಲಿ, ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಹಾಗೇ ಇಲ್ಲ. ಕ್ಯಾಂಪಸ್ ಒಳಗೆ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ. ಅದೂ ಸಿಕ್ಕರೆ. ಏಜೆಂಟ್ ಹೇಳಿದ ಹಾಗೆ ಹೋಟೆಲ್‌ನಲ್ಲಿ ಕೈಗೆ ಕಾಸು ತೆಗೆದುಕೊಂಡು ಕೆಲಸ ಮಾಡಿದರೆ ವೀಸಾ ಹೋಗುತ್ತದೆ. ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್‌ಗೆ ಸಿಪಿಟಿ ಅನ್ನೋ ಅನುಮತಿ ಒಂದು ವರ್ಷ ಓದಿದ ಮೇಲೆ. ಡಿಗ್ರಿ ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಒಪಿಟಿ ಅನುಮತಿ 12 ತಿಂಗಳು. ಆಮೇಲೆ ಬ್ಯಾಚುಲರ್ಸ್ ಮಾಡಿದರೆ ಇನ್ನೊಂದು 12 ತಿಂಗಳು. ಇಂಜಿನಿಯರಿಂಗ್‌ನವರಿಗೆ ಸಿಗುವ ಇನ್ನೆರಡು ವರ್ಷದ ವಿಸ್ತರಣೆ ಹಾಸ್ಪಿಟಾಲಿಟಿಗೆ ಇಲ್ಲ. ಎಚ್-1ಬಿ ಅನ್ನೋ ಕೆಲಸದ ವೀಸಾ ಕೇಳಬೇಕಾದರೆ ಆ ಕೆಲಸಕ್ಕೆ ನಿರ್ದಿಷ್ಟ ವಿಷಯದ ಬ್ಯಾಚುಲರ್ಸ್ ಬೇಕೇ ಬೇಕು ಅಂತ ತೋರಿಸಬೇಕು. ಫ್ರಂಟ್ ಡೆಸ್ಕ್ ಕೆಲಸಕ್ಕೆ ಅದು ಆಗದ ಮಾತು. 2025ರ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿರುವವರಿಗೆ ಹಾಕುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಬೇರೆ ಆದೇಶ ಬಂತು.

ಮೇಲೆ ಹೇಳಿದ 103 ಡಾಲರ್ ನಿನಗಲ್ಲ, ಫ್ಲಾರಿಡಾ ನಿವಾಸಿಗಳಿಗೆ. ನಿನಗೆ ಹೆಚ್ಚು ಕಡಿಮೆ ನಾಲ್ಕು ಪಟ್ಟು. ಕೆಲಸ ಗ್ಯಾರಂಟಿ ಅಂದವನನ್ನು ಬರೆದು ಕೊಡು ಅಂತ ಕೇಳು.

ಒಂಟಿಕೊಪ್ಪಲ್
@ರಾಜಾಜಿನಗರ_ಹುಡುಗ ನಿನ್ನ ಮನೆಯಿಂದ ಶೇಷಾದ್ರಿ ರಸ್ತೆ ಎಷ್ಟು ದೂರಪ್ಪ? ಎಸ್‌ಜೆ ಪಾಲಿಟೆಕ್ನಿಕ್ ಆವರಣದಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ ಇದೆ. ಅಲ್ಲಿಗೆ ಸೇರಲು ಎನ್‌ಸಿಎಚ್‌ಎಂ ಜೆಇಇ ಅನ್ನೋ ಪ್ರವೇಶ ಪರೀಕ್ಷೆ ಬರಿ, ಎನ್‌ಟಿಎ ನಡೆಸುತ್ತದೆ. ಕಾಮರ್ಸ್ ಆದರೂ ಪರವಾಗಿಲ್ಲ, ಇಂಗ್ಲಿಷ್ ಒಂದು ವಿಷಯವಾಗಿ ಓದಿರಬೇಕು ಅಷ್ಟೇ. ದುಡ್ಡು ಸ್ವಲ್ಪ ಜಾಸ್ತಿ ಹಾಕುವ ಶಕ್ತಿ ಇದ್ದರೆ ಮಣಿಪಾಲದ ವೆಲ್ಕಮ್‌ಗ್ರೂಪ್ ಕಾಲೇಜು. ಶೆಫ್ ವಿಕಾಸ್ ಖನ್ನಾ ಓದಿದ್ದು ಅಲ್ಲೇ. ಒಂದು ಸೆಮಿಸ್ಟರ್ ಪೂರ್ತಿ ದೊಡ್ಡ ಹೋಟೆಲ್‌ನಲ್ಲಿ ಟ್ರೇನಿಂಗ್ ಇರುತ್ತದೆ.

ಅಮೆರಿಕ ನೋಡಲೇಬೇಕು ಅಂದರೆ ಡಿಗ್ರಿ ಆದ ಒಂದು ವರ್ಷದ ಒಳಗೆ ಜೆ-1 ಅನ್ನೋ ವಿನಿಮಯ ವೀಸಾದಲ್ಲಿ ಇಂಟರ್ನ್ ಆಗಿ ಹೋಗಬಹುದು. ಒಂದು ವರ್ಷ ಕೆಲಸ ಮಾಡಿದ ಮೇಲಾದರೆ ಟ್ರೇನಿ ಆಗಿ ಹೋಗಬಹುದು. ಹೋಟೆಲ್ ಲೈನಿಗೆ ಎರಡರಲ್ಲೂ ಗರಿಷ್ಠ 12 ತಿಂಗಳು. ಸಾಲವೂ ಕಡಿಮೆ, ಕಲಿಯುವುದೂ ನಿಜ.

ರಾಜಾಜಿನಗರ_ಹುಡುಗ
ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಇದನ್ನು ತೋರಿಸಿದೆ. ಏಜೆಂಟ್‌ಗೆ ಬರೆದು ಕೊಡಿ ಅಂದೆವು, ಫೋನ್ ಎತ್ತುತ್ತಿಲ್ಲ.

ಡಲ್ಲಾಸ್_ಅಮ್ಮ
ನಮ್ಮ ಮಗ ಎಚ್-4, ಅಂದರೆ ಎಚ್-1ಬಿಯವರ ಕುಟುಂಬದ ವೀಸಾದಲ್ಲಿ ಇದ್ದಾನೆ. ಅವನಿಗೂ ಹೋಟೆಲ್ ಲೈನೇ ಇಷ್ಟ. ಕಮ್ಯುನಿಟಿ ಕಾಲೇಜಿಗೆ ಸೇರಿಸಬಹುದಾ?

ಲೆಕ್ಕದ_ಪುಸ್ತಕ
ಸೇರಿಸಬಹುದು ಮೇಡಂ, ಎಚ್-4ನಲ್ಲಿ ಓದಲಿಕ್ಕೆ ಅಡ್ಡಿ ಇಲ್ಲ. ಆದರೆ ಮಕ್ಕಳು ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ, ಸಂಬಳದ ಇಂಟರ್ನ್‌ಶಿಪ್ ಕೂಡ ಇಲ್ಲ. ಈ ಓದಿನಲ್ಲಿ ಅರ್ಧ ಕಲಿಯುವುದೇ ಕೆಲಸದಲ್ಲಿ. ಫೆಡರಲ್ ಸಹಾಯಧನವೂ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯಿತು. ಅಷ್ಟರೊಳಗೆ ಎಫ್-1ಗೆ ಬದಲಾಯಿಸುವುದು ಯಾವಾಗ ಅಂತ ವಕೀಲರ ಹತ್ತಿರ ಕೇಳಿ. ಕೋರ್ಸ್ ಆರಿಸುವ ಮುಂಚೆಯೇ ಕೇಳಿ.

ಕುಂದಾಪ್ರದವ
ಒಂದು ವಿಷಯ ಗಮನಿಸಿದ್ದೀರಾ? ಅಮೆರಿಕದಲ್ಲಿ ಭಾರತೀಯ ಮೂಲದ ಹೋಟೆಲ್ ಮಾಲೀಕರ ಸಂಘ ಒಂದಿದೆ, 1989ರಲ್ಲಿ ಶುರುವಾದದ್ದು. ದೇಶದ ಸುಮಾರು 60% ಹೋಟೆಲ್‌ಗಳು ತಮ್ಮ ಸದಸ್ಯರವು ಅಂತ ಅವರು ಹೇಳುತ್ತಾರೆ. ಬಹುಪಾಲು ಗುಜರಾತಿಗಳು. ಉಡುಪಿ ಹೋಟೆಲ್ ಅಂತ ಇಡೀ ದೇಶಕ್ಕೆ ಇಡ್ಲಿ ತಿನ್ನಿಸಿದ ನಾವು ಇಲ್ಲಿ ಎಲ್ಲಿದ್ದೇವೆ? ನಮ್ಮ ಮಕ್ಕಳು ಈ ಲೈನಿಗೆ ಬರಲಿ ಮಾರಾಯ್ರೆ.

ಬೇಏರಿಯಾ_ಭಾವ
ಗುಜರಾತಿಗಳು ಮೋಟೆಲ್ ಕೊಂಡು ಕುಟುಂಬವೇ ಅಲ್ಲಿ ಇದ್ದು ದುಡಿದರು. ನಾವು ಸಂಬಳದ ಕೆಲಸಕ್ಕೆ ಬಂದೆವು. ಬಂದ ದಾರಿಯೇ ಬೇರೆ. ಈಗ ಮಕ್ಕಳಿಗೆ ಬಂಡವಾಳವೂ ಇದೆ, ಓದೂ ಇದೆ. ಆಸೆ ಇದ್ದವರನ್ನು ತಡೆಯಬಾರದು.

ಒಂಟಿಕೊಪ್ಪಲ್
ಇಡ್ಲಿ ಮಾತು ಬಂತಲ್ಲ, 1924ರಲ್ಲಿ ಶುರುವಾದ ಎಂಟಿಆರ್‌ನವರು ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದರು. ಮೆನು ಬದಲಾಯಿಸುವುದು, ಸಾಮಾನು ಸಿಗದಾಗ ದಾರಿ ಹುಡುಕುವುದು, ಇದನ್ನೇ ಅಲ್ವಾ ಈಗ ಕಾಲೇಜಿನಲ್ಲಿ ಕಲಿಸುವುದು.

ಮೊಸರನ್ನ_ಪ್ರಿಯ
ಈ ಕೋರ್ಸಿನಲ್ಲಿ ಸರ್ವ್‌ಸೇಫ್ ಅಂತ ಆಹಾರ ಸುರಕ್ಷತೆಯ ಸರ್ಟಿಫಿಕೇಟ್ ಇರುತ್ತದೆ. ಐದು ವರ್ಷ ನಡೆಯುತ್ತದೆ. ನಾನು ಅದನ್ನು ಮಾಡಿದ ಮೇಲೆ ನಮ್ಮ ಕನ್ನಡ ಸಂಘದ ಯುಗಾದಿ ಊಟ ನೋಡಿದರೆ ಭಯವಾಗುತ್ತದೆ. 41ರಿಂದ 135 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಆಹಾರ ಬಹಳ ಹೊತ್ತು ಇರಬಾರದು. ನಮ್ಮವರು ಬೆಳಿಗ್ಗೆ ಮಾಡಿದ ಪಲಾವ್ ಮಧ್ಯಾಹ್ನ ಮೂರು ಗಂಟೆವರೆಗೆ ಮೇಜಿನ ಮೇಲೇ ಇಡುತ್ತಾರೆ! ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಗೋದಿಹುಗ್ಗಿ
ನಮ್ಮ ಅಜ್ಜಿ ರಾತ್ರಿ ಅನ್ನ ಬೆಳಿಗ್ಗೆ ತಿಂದು 90 ದಾಟಿದರು ರೀ.

ಮೊಸರನ್ನ_ಪ್ರಿಯ
ಅಜ್ಜಿ ನಾಲ್ಕು ಜನಕ್ಕೆ ಮಾಡಿ ಸಣ್ಣ ಪಾತ್ರೆಯಲ್ಲಿ ಇಟ್ಟರು. ಬೇಗ ಆರಿತು. ಮುನ್ನೂರು ಜನದ ಹಂಡೆಯ ಮಧ್ಯ ಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದಕ್ಕೇ ಅಗಲ ತಟ್ಟೆಗೆ ಹರಡಿ, 135ರಿಂದ 70ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 41ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ತಣಿಸಬೇಕು ಅಂತ ನಿಯಮ. ಮಗಳು ಕೋರ್ಸ್ ಮುಗಿಸಿದರೆ ಸಂಘದ ಅಡುಗೆ ಸಮಿತಿಗೆ ಹಾಕಿಕೊಳ್ಳಿ.

ತುಂಗಾತೀರ
ನಮ್ಮವರು ಎಲ್ಲ ಓದಿದರು. ರೆವ್‌ಪಾರ್ ಲೆಕ್ಕ ಕಾಗದದ ಮೇಲೆ ಮಾಡಿ ನೋಡಿದರು. ಈಗ ಮಗಳ ಜೊತೆ ಕೂತು ಎ.ಎ.ನಾ ಎ.ಎಸ್.ನಾ ಅಂತ ವಾದ ನಡೆದಿದೆ. ಅವಳಿಗೆ ಎ.ಎಸ್. ಬೇಕು, ಕ್ಲಾಸು ಚೆನ್ನಾಗಿವೆಯಂತೆ. ಇವರು ಎ.ಎ. ಅಂತಾರೆ. ಇನ್ನೊಂದು ಭಯ ನನ್ನದು. ಹದಿನೆಂಟರ ಹುಡುಗಿ, ರಾತ್ರಿ ಪಾಳಿ. ಹೆಂಗಸರು ಯಾರಾದರೂ ಈ ಲೈನಿನಲ್ಲಿ ಇದ್ದರೆ ಹೇಳಿ.

ನೈಟ್_ಆಡಿಟ್
ಎ.ಎ. ಮಾಡಲಿ, ಐಚ್ಛಿಕ ಕೋರ್ಸ್‌ಗಳ ಜಾಗದಲ್ಲಿ ಒಂದೆರಡು ಹಾಸ್ಪಿಟಾಲಿಟಿ ಕ್ಲಾಸು ತೆಗೆದುಕೊಳ್ಳಲಿ. ರೋಸೆನ್‌ಗೆ ಬೇಕಾದವು ಮಾತ್ರ. ಬೇಡದ್ದು ಜಾಸ್ತಿ ತುಂಬಿಕೊಂಡರೆ ಫ್ಲಾರಿಡಾದ ಯೂನಿವರ್ಸಿಟಿಗಳು ಹೆಚ್ಚುವರಿ ಕ್ರೆಡಿಟ್‌ಗೆ ಸರ್‌ಚಾರ್ಜ್ ಹಾಕುತ್ತವೆ.

ಬೇಏರಿಯಾ_ಭಾವ
ನಾನು ಒಪ್ಪುವುದಿಲ್ಲ. ಇಷ್ಟದ ಕ್ಲಾಸು ಇಲ್ಲದೆ ಎರಡು ವರ್ಷ ಬರೀ ಸಾಮಾನ್ಯ ವಿಷಯ ಓದಿ ಆಸಕ್ತಿ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಕ್ರೆಡಿಟ್ ಸಮಾನ ಅಂತ ಅಡ್ವೈಸರ್ ಬರೆದು ಕೊಟ್ಟರೆ ಎ.ಎಸ್. ಮಾಡಲಿ, ತಪ್ಪೇನು?

ಚಾವಿ_ಗೊಂಚಲು
ನಾನು ಹೌಸ್‌ಕೀಪಿಂಗ್ ವಿಭಾಗ ನೋಡಿಕೊಳ್ಳುತ್ತೇನೆ, ಮೂಲ ಹಾಸನ. ರಾತ್ರಿ ಪಾಳಿ ಬಗ್ಗೆ ನಿಮ್ಮ ಭಯ ಸುಮ್ನೆ ಅಲ್ಲ ಅಕ್ಕ, ಅದನ್ನು ಯಾರೂ ಹಗುರವಾಗಿ ತಗೋಬಾರದು.

ಶುರುವಿನಲ್ಲಿ ಬೆಳಿಗ್ಗೆ ಏಳರಿಂದ ಮೂರು, ಅಥವಾ ಮಧ್ಯಾಹ್ನ ಮೂರರಿಂದ ಹನ್ನೊಂದರ ಪಾಳಿ ಕೇಳಲಿ. ವಿದ್ಯಾರ್ಥಿ ಅಂದರೆ ಬಹಳ ಮ್ಯಾನೇಜರ್‌ಗಳು ಒಪ್ಪುತ್ತಾರೆ. ಒಬ್ಬಳೇ ಡೆಸ್ಕ್‌ನಲ್ಲಿ ನಿಲ್ಲುವ ಸಣ್ಣ ಹೋಟೆಲ್ ಬೇಡ, ಯಾವಾಗಲೂ ಸೆಕ್ಯೂರಿಟಿ ಇರುವ ದೊಡ್ಡ ಕಡೆ ಸೇರಲಿ. 2018ರಲ್ಲಿ ಅಮೆರಿಕದ ಹೋಟೆಲ್ ಸಂಘ ಮತ್ತು ದೊಡ್ಡ ಕಂಪನಿಗಳು ಸೇರಿ, ಗೆಸ್ಟ್ ರೂಮಿಗೆ ಹೋಗಿ ಕೆಲಸ ಮಾಡುವವರಿಗೆ ಪ್ಯಾನಿಕ್ ಬಟನ್ ಕೊಡುತ್ತೇವೆ ಅಂತ ಒಪ್ಪಿಕೊಂಡವು. ನನ್ನ ಹುಡುಗಿಯರ ಸೊಂಟದಲ್ಲಿ ಅದು ಇಲ್ಲದೆ ನಾನು ಮಹಡಿಗೆ ಕಳಿಸುವುದಿಲ್ಲ.

ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಲಿ: ಬಟನ್ ಕೊಡುತ್ತೀರಾ? ಒತ್ತಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ? ರಾತ್ರಿ ಕಾರಿನವರೆಗೆ ಬಿಡಲು ಯಾರಾದರೂ ಇದ್ದಾರಾ? ಉತ್ತರ ತಡವರಿಸಿದರೆ ಆ ಜಾಗ ಬೇಡ. ಕನ್ವೆನ್ಷನ್ ಸೆಂಟರ್ ಸುತ್ತ ಹೋಟೆಲ್‌ಗಳಿಗೆ ಬರವಿಲ್ಲ, ಇನ್ನೊಂದು ಸಿಗುತ್ತದೆ. ಅವಳಿಗೆ ಹೌಸ್‌ಕೀಪಿಂಗ್ ನೋಡಬೇಕು ಅನ್ನಿಸಿದರೆ ಮೆಸೇಜ್ ಹಾಕಲಿ, ಒಂದು ಶನಿವಾರ ಹೋಟೆಲ್ ತುಂಬಿರುವಾಗ ಬಂದು ನನ್ನ ಜೊತೆ ಓಡಾಡಲಿ. ಶೂ ಮಾತ್ರ ಒಳ್ಳೆಯದು ಹಾಕಿಕೊಂಡು ಬರಲು ಹೇಳಿ.